ಎಡೆಯ ಮುಂದಿನ ಬಾಟಲಿ

ರಾಮಕೃಷ್ಣನಗರ, ಮೈಸೂರು
೧೨ ಸೆಪ್ಟೆಂಬರ್ ೨೦೨೫

ಚಿರಂಜೀವಿ ಮನೋಹರನಿಗೆ ಅಕ್ಕ ಮಾಲಾಳ ಆಶೀರ್ವಾದಗಳು.

ಮೊದಲ ಸಾಲಿನಲ್ಲೇ ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು ಎಂದು ಸ್ಕೂಲಿನಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪತ್ರಲೇಖನ ಹೇಳಿಕೊಟ್ಟವಳು ನಾನು. ಈಗ ನೋಡಿದರೆ ಆ ಸಾಲು ಬರೆಯಲು ನನಗೇ ಕೈ ಬರುತ್ತಿಲ್ಲ. ನಾನು ಕ್ಷೇಮವಾಗಿಲ್ಲ. ನೀನೂ ಕ್ಷೇಮವಾಗಿಲ್ಲ, ನಿನಗಿನ್ನೂ ಗೊತ್ತಿಲ್ಲ ಅಷ್ಟೇ.

ಧರಣಿಯ ನಿಶ್ಚಿತಾರ್ಥವಾದ ಮೇಲೆ ಇಷ್ಟು ದಿನ ಒಂದು ಮಾತೂ ಆಡದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಸುಮ್ಮನಿದ್ದಾಳೆ, ಮರೆತಿದ್ದಾಳೆ ಎಂದುಕೊಂಡಿದ್ದೀಯೇನೋ. ಹಾಲು ಕಾಯಲು ಇಟ್ಟವಳು ಒಲೆಯ ಮುಂದೆ ಸುಮ್ಮನೆ ನಿಂತಿರುತ್ತಾಳಲ್ಲ, ನಾನು ನಿಂತಿದ್ದದ್ದು ಹಾಗೆ.

ಕೃಷ್ಣಮೂರ್ತಿಪುರಂ ಇಲ್ಲೇ ಇದೆ, ಆಟೋ ಹತ್ತಿದರೆ ಕಾಫಿ ಆರುವಷ್ಟರಲ್ಲಿ ಬಂದುಬಿಡಬಹುದು, ಈ ಕಾಲದಲ್ಲಿ ಅಂಚೆ ಯಾಕೆ ಎಂದು ನಗಬೇಡ. ಮೊನ್ನೆ ಫೋನ್ ಮಾಡಿದೆನಲ್ಲ, ನೀನು ಏನಂದೆ? “ಅಕ್ಕ, ನಾಲಿಗೆ ಹೊರಳ್ತಿಲ್ಲ ನಿಂಗೆ. ಇಳಿದ್ಮೇಲೆ ಮಾಡು ಕಣಮ್ಮ” ಅಂದೆ. ಬೆಳಿಗ್ಗೆ ಹಾಲಿನವನು ಬರುವ ಹೊತ್ತಿನಲ್ಲಿ! ಮತ್ತೆ ಮಾಡಿದರೆ ಎತ್ತಲಿಲ್ಲ. ಸರಿ, ಬಾಯಿ ತೊದಲಿದರೆ ಕುಡಿದಿದ್ದಾಳೆ ಅನ್ನುತ್ತೀಯ, ಕಾಗದ ತೊದಲುವುದಿಲ್ಲವಲ್ಲ ಎಂದು ಬರೆಯಲು ಕೂತೆ. ಅಕ್ಷರಗಳು ಸೌತೆಕಾಯಿ ಗಾತ್ರಕ್ಕಿವೆ, ಗೆರೆ ಬಿಟ್ಟು ಓಡುತ್ತವೆ. ದಿನಾ ಒಂದು ಪುಟ ಬರೆಯಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ, ಕೈಗೆ ವ್ಯಾಯಾಮವಂತೆ. ದಪ್ಪ ಹಿಡಿಯ ಪೆನ್ನನ್ನೂ ಕೊಟ್ಟಿದ್ದಾರೆ. ರಾಮಕೋಟಿ ಬರೆಯುವ ಬದಲು ನಿನಗೆ ಬರೆಯುತ್ತಿದ್ದೇನೆ. ಕೂತು ಓದು. ನಿಂತು ಓದಬೇಡ, ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಆ ದಿನದ ಮಾತು. ಬೆಳಿಗ್ಗೆಯೆಲ್ಲ ನೀನು ಎಷ್ಟು ಒಳ್ಳೆಯವನಾಗಿದ್ದೆ! ಛತ್ರದ ಅಡುಗೆಮನೆಯಿಂದ ನೀನೇ ಲೋಟದಲ್ಲಿ ಪಾಯಸ ತಂದು, “ಸಿಹಿ ಸಾಕಾ ನೋಡಕ್ಕ, ನಿನ್ನ ನಾಲಿಗೆ ಮೇಲೆ ನಂಬಿಕೆ ನಂಗೆ” ಅಂದೆ. ನಾನು ಕುಡಿದು, ಇನ್ನೊಂದಚ್ಚು ಬೆಲ್ಲ ಹಾಕಿಸು ಅಂದೆ. ಆಮೇಲೆ ಆರತಿ. ಹುಡುಗಿಯನ್ನು ಎತ್ತಿ ಆಡಿಸಿದ ಅತ್ತೆಯೇ ಎತ್ತಲಿ ಎಂದು ಎಲ್ಲರೂ ಹೇಳಿದರು. ನಾನು ಕೆಂಪಾರತಿಯ ತಟ್ಟೆ ಹಿಡಿದು ವೇದಿಕೆಯ ಮೇಲೆ ನಡೆದೆ. ಕಾಲು ಎಲ್ಲಿಟ್ಟೆನೋ, ನೆಲ ಎಲ್ಲಿತ್ತೋ. ತಟ್ಟೆ ವಾಲಿತು. ಗಂಡಿನ ತಾಯಿಯ ಸೀರೆಯ ತುಂಬ ಓಕುಳಿ. ಪಾಪ, ಆ ಹೆಂಗಸು “ಪರ್ವಾಗಿಲ್ಲ ಬುಡಿ, ಒಗದ್ರೆ ಹೋಯ್ತದೆ” ಅಂದರು. ಅಲ್ಲಿಗೆ ಮುಗಿಯಬೇಕಿತ್ತು.

ನೀನು ಮುಗಿಸಲಿಲ್ಲ. ಪಕ್ಕದಲ್ಲಿದ್ದ ಮೈಕು ತೆಗೆದುಕೊಂಡು ನಗುತ್ತ, “ಬೇಜಾರ್ ಮಾಡ್ಕೋಬೇಡಿ ಕಣ್ರೀ, ನಮ್ಮಕ್ಕ ಒಂಚೂರು ಹಾಕ್ತಾರೆ. ನಮ್ಮಪ್ಪನ ಚಾಳಿ ಇವರಿಗೆ ಬಂದ್ಬುಟ್ಟಿದೆ” ಅಂದೆ. ಛತ್ರಕ್ಕೆ ಛತ್ರವೇ ನಕ್ಕಿತು. ನಾನು ಪಾಠ ಹೇಳಿಕೊಟ್ಟ ಹುಡುಗರು ಊಟದ ಸಾಲಿನಲ್ಲಿ ಕೂತಿದ್ದರು, ಅವರೂ ನಕ್ಕರು. ಸೀರೆಗಾದ ಕಲೆಯನ್ನು ನನ್ನ ಹೆಸರಿನಿಂದ ಒರೆಸಿದೆ ನೀನು. ನಿಮ್ಮ ಭಾವ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದು ಆಟೋ ಹತ್ತಿಸಿದರು. ಅವತ್ತು ಅವರು ಮನೆಗೆ ಬಂದು ಊಟ ಮಾಡಲಿಲ್ಲ. ನಾನು ಮಾಡಿದೆ. ಹಸಿವಾಗಿತ್ತು, ಸಿಟ್ಟು ಮಾಡಬೇಕಾದರೂ ಹೊಟ್ಟೆ ತುಂಬಿರಬೇಕಲ್ಲ.

ನನ್ನ ನಡಿಗೆ ಕೆಟ್ಟು ವರ್ಷಗಳೇ ಆಗಿದ್ದವು. ಬೋರ್ಡಿನ ಮೇಲೆ ಅಕ್ಷರ ಸೊಟ್ಟಗಾಗಿ, ಮಕ್ಕಳು ಮುಸಿ ಮುಸಿ ನಕ್ಕು, ಕೆಲಸಕ್ಕೆ ಸ್ವಯಂ ನಿವೃತ್ತಿ ಕೊಟ್ಟೆ. ಮಂಡಿ ಸವೆದಿದೆ ಅಂದರು ಒಬ್ಬ ಡಾಕ್ಟರು, ಕಿವಿಯ ನೀರು ಅಂದರು ಇನ್ನೊಬ್ಬರು. ಛತ್ರದಿಂದ ಬಂದ ಮೇಲೆ ನಿಮ್ಮ ಭಾವ ಪಟ್ಟು ಹಿಡಿದು ದೊಡ್ಡಾಸ್ಪತ್ರೆಯ ನರರೋಗ ವಿಭಾಗಕ್ಕೆ ಕರೆದೊಯ್ದರು. ಅಲ್ಲಿ ನಡಿಗೆ ಕೆಟ್ಟವರಿಗೆ, ಕೈ ನಡುಗುವವರಿಗೆ ಎಂದೇ ಬೇರೆ ಕ್ಲಿನಿಕ್ ಇದೆ, ಸೋಮವಾರ ಸೋಮವಾರ. ನನ್ನ ಪಕ್ಕದಲ್ಲಿ ಒಬ್ಬ ಬಡಗಿ ಕೂತಿದ್ದ, ತೊಡೆಯ ಮೇಲೆ ಇಟ್ಟ ಕೈ ತಂತಾನೇ ಅದುರುತ್ತಿತ್ತು. ಎದುರಿಗೆ ಒಬ್ಬ ಹುಡುಗಿ, ಕತ್ತು ಬೇಡ ಬೇಡವೆಂದರೂ ಎಡಕ್ಕೇ ಎಳೆಯುತ್ತಿತ್ತು. ಆ ವೆರಾಂಡದಲ್ಲಿ ಯಾರೂ ಯಾರನ್ನು ನೋಡಿಯೂ ನಗುವುದಿಲ್ಲ ಮನೋಹರ. ನಿನ್ನ ಮನೆಗಿಂತ ಮರ್ಯಾದೆಯ ಜಾಗ.

ಡಾಕ್ಟರು ಲಹರಿ ಎಂದು, ನಮ್ಮ ಧರಣಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ನಿಮ್ಮ ಮೂಗು ಮುಟ್ಟಿ, ನನ್ನ ಬೆರಳು ಮುಟ್ಟಿ ಅಂದಳು. ನನ್ನ ಬೆರಳು ಅವಳ ಬೆರಳಿನ ಸುತ್ತ ಹೂವಿನ ಮೇಲೆ ಕೂರಲಾರದ ನೊಣದಂತೆ ಅಲೆದಾಡಿತು. ಆಮೇಲೆ ನೆಲದ ಟೈಲ್ಸ್ ನಡುವಿನ ಗೆರೆ ತೋರಿಸಿ, “ಇದರ ಮೇಲೆ ನಡೀರಿ ಅಮ್ಮ. ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಬೇಕು” ಅಂದಳು.

ಕಾಲು ಎತ್ತುವ ಮುಂಚೆಯೇ ನನಗೆ ಇನ್ನೊಂದು ಗೆರೆ ಕಣ್ಣ ಮುಂದೆ ಬಂತು. ನಿನಗೆ ಆ ಗೆರೆ ಜ್ಞಾಪಕವಿದೆಯೇನೋ? ನೀನು ಹೈಸ್ಕೂಲಿನಲ್ಲಿದ್ದೆ. ಮನೆಯ ಮುಂದಿನ ರಸ್ತೆಯ ಮೇಲೆ ನನ್ನ ಸೀಮೆಸುಣ್ಣ ಕದ್ದು ಉದ್ದಕ್ಕೆ ಗೆರೆ ಎಳೆದೆ. ನಿನ್ನ ಗೆಳೆಯರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. ಅಪ್ಪ ಕಡಕೊಳದ ಕಾರ್ಖಾನೆಯ ಕೆಲಸ ಮುಗಿಸಿ ಬಸ್ಸಿಳಿದು ಬರುತ್ತಿದ್ದ. “ಅಪ್ಪ, ಇದರ ಮೇಲೆ ನಡ್ಕೊಂಡ್ ಬಾರಪ್ಪ ನೋಡೋಣ” ಅಂದೆ. ಅಪ್ಪ ಬಂದ, ಊಟದ ಡಬ್ಬಿಯ ಚೀಲ ಹಿಡಿದುಕೊಂಡೇ. ಒಂದು ಹೆಜ್ಜೆ ಗೆರೆಯ ಮೇಲೆ, ಇನ್ನೊಂದು ಚರಂಡಿಯ ಕಡೆಗೆ. ನಿಮ್ಮ ಸಾಲು ಶಿಳ್ಳೆ ಹೊಡೆಯಿತು. ನಾನು ಓಡಿಬಂದು ಅಪ್ಪನ ಕೈ ಹಿಡಿದೆ. ಅಪ್ಪ ನಗುತ್ತಲೇ ನನ್ನ ಕಿವಿಯಲ್ಲಿ, “ನಾನ್ ಸರ್ಯಾಗೇ ನಡೀತಿದ್ದೀನಿ ಕಣಮ್ಮ, ಗೆರೇನೇ ಅಲ್ಲಾಡ್ತದೆ” ಅಂದ.

ಕ್ಲಿನಿಕ್ಕಿನಲ್ಲಿ ನನಗೂ ಗೆರೆ ಅಲ್ಲಾಡಿತು. ಅಪ್ಪ ನಿಜವನ್ನೇ ಹೇಳಿದ್ದ.

“ನಿಮ್ಮ ಮನೇಲಿ ಯಾರಿಗಾದ್ರೂ ಹಿಂಗೇ ಇತ್ತಾ?” ಎಂದು ಲಹರಿ ಕೇಳಿದಳು. ನಾನು ಅಪ್ಪನ ಹೆಸರು ಹೇಳಿದೆ. ಚಿಕ್ಕಮಾದಯ್ಯ, ಎಲ್ಲರೂ ಕುಡುಕ ಅನ್ನುತ್ತಿದ್ದರು ಅಂದೆ.

“ಕುಡಿಯೋದನ್ನ ಯಾರಾದ್ರೂ ಕಣ್ಣಲ್ಲಿ ನೋಡಿದ್ರಾ?”

“ಯಾರೂ ಇಲ್ಲ. ಮುಟ್ತಾನೇ ಇರ್ಲಿಲ್ಲ ಅಂತ ನಮ್ಮಮ್ಮ ಸಾಯೋವರ್ಗೂ ಬಡ್ಕೊಂಡ್ಳು. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.”

ಕಾರ್ಖಾನೆಯವರು ಅಪ್ಪನನ್ನು ಕೆಲಸದಿಂದ ತೆಗೆದದ್ದನ್ನೂ ಹೇಳಿದೆ. ಗೇಟಿನಲ್ಲಿ ನಿಲ್ಲಿಸಿ ಮೇಸ್ತ್ರಿ ಬಾಯಿ ಮೂಸಿದ. ವಾಸನೆ ಇಲ್ಲ. ವಾಸನೆ ಇಲ್ಲದ್ದೇ ತಪ್ಪಾಯಿತು. “ಏಲಕ್ಕಿ ಅಗಿದು ಬಂದವ್ನೆ ಕಳ್ಳ” ಅಂದನಂತೆ. ಅಪ್ಪ ಅವತ್ತು ಮನೆಗೆ ಬಂದು ಅಮ್ಮನ ಮುಂದೆ ಬಾಯಿ ತೆರೆದು ನಿಂತಿದ್ದ, ಡಾಕ್ಟರಿಗೆ ತೋರಿಸುವ ಹಾಗೆ. ಆಮೇಲೆ ಹೆಚ್ಚು ವರ್ಷ ಬದುಕಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಬಿದ್ದು ಹಾಸಿಗೆ ಹಿಡಿದಾಗಲೂ ಬೀದಿಯವರು ಕುಡಿದು ಬಿದ್ದ ಎಂದೇ ಅಂದರು. ನೀನೂ ಅಂದೆ.

ಲಹರಿ ಕಣ್ಣು ಒರೆಸಿಕೊಂಡಳು ಎಂದು ಬರೆದರೆ ಕತೆಯಾಗುತ್ತದೆ. ಅವಳು ಒರೆಸಿಕೊಳ್ಳಲಿಲ್ಲ. ನನ್ನ ರಕ್ತ ತೆಗೆಸಿದಳು, ದೂರದ ಪ್ರಯೋಗಾಲಯಕ್ಕೆ ಕಳಿಸಿದಳು. ವರದಿ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ರೋಗದ ಹೆಸರು ಸ್ಪೈನೋಸೆರೆಬೆಲ್ಲಾರ್ ಅಟಾಕ್ಸಿಯಾ. ತಲೆಯ ಹಿಂಭಾಗದಲ್ಲಿ ಕಿರುಮೆದುಳು ಎಂದಿದೆಯಂತೆ, ಮನುಷ್ಯನ ನಡಿಗೆ, ಮಾತು, ಕೈಚಳಕ ಹದವಾಗಿರುವುದು ಅದರಿಂದ. ಅದು ನಿಧಾನವಾಗಿ ಸವೆಯುತ್ತದೆ. ನೋಡಿದವರು ಕುಡಿದಿದ್ದಾರೆ ಎಂದೇ ತಿಳಿಯುತ್ತಾರೆ, ದೇಶದ ತುಂಬ ಇಂಥ ಕುಡುಕರಿದ್ದಾರೆ ಅಂದಳು. ತಂದೆಗಿದ್ದರೆ ಅಥವಾ ತಾಯಿಗಿದ್ದರೆ, ಒಂದೊಂದು ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ, ವ್ಯಾಯಾಮದಿಂದ ಸ್ವಲ್ಪ ಕಾಲ ತಡೆದುಕೊಳ್ಳಬಹುದು, ಸಂಶೋಧನೆ ನಡೆಯುತ್ತಿದೆ. ಸಂಶೋಧನೆಗೆ ನನ್ನ ರಕ್ತ ಇಟ್ಟುಕೊಳ್ಳಲಿ ಎಂದು ಒಪ್ಪಿಗೆ ಕೊಟ್ಟೆ. ನನಗಂತೂ ಪ್ರಯೋಜನವಾಗಲಿಕ್ಕಿಲ್ಲ, ಮುಂದೆ ಯಾರ ಬಾಯನ್ನಾದರೂ ಮೂಸುವುದು ತಪ್ಪಲಿ.

ಇನ್ನೊಂದು ಮಾತು ಹೇಳಿದಳು. ಈ ಕಾಯಿಲೆ ಇರುವವರು ಮದ್ಯ ಮುಟ್ಟಲೇಬಾರದಂತೆ, ಮುಟ್ಟಿದರೆ ಬೇಗ ಕೆಡುತ್ತದಂತೆ. ಇದನ್ನು ನೀನು ಚೆನ್ನಾಗಿ ನೆನಪಿಟ್ಟುಕೋ.

ಈಗ ಬಂತು ನಿನ್ನ ಸರದಿ. ನಾನು ಮುಂಚೆ ಹೇಗೆ ನಡೆಯುತ್ತಿದ್ದೆ ನೋಡಬೇಕು, ಮದುವೆ ಮುಂಜಿಯ ವಿಡಿಯೋ ಏನಾದರೂ ಇದ್ದರೆ ತನ್ನಿ ಎಂದು ಲಹರಿ ಕೇಳಿದ್ದಳು. ಅವರು ಹಾಗೆ ಎಲ್ಲರನ್ನೂ ಕೇಳುತ್ತಾರಂತೆ, ಕ್ಯಾಮೆರಾ ಇದೆ ಎಂದು ಮರೆತು ನಡೆಯುವವರ ನಡಿಗೆಯೇ ನಿಜವಾದದ್ದು ಎಂದು. ಹಳೆಯದು ಒಂದೂ ಸಿಗಲಿಲ್ಲ, ನಿಮ್ಮ ಭಾವನ ಫೋನಿನಲ್ಲಿ ನಿಶ್ಚಿತಾರ್ಥದ್ದೇ ಇತ್ತು. ಬೇಡ ಅಂದೆ. ಅವರು ತೋರಿಸಿಯೇ ಬಿಟ್ಟರು. ನನ್ನ ಮಾನ ಹೋದದ್ದನ್ನು ಇನ್ನೊಂದು ಸಲ ನೋಡಬೇಕಲ್ಲ ಎಂದು ನಾನು ಗೋಡೆಯ ಕಡೆಗೆ ತಿರುಗಿ ಕೂತೆ. ನೀನು ಮೈಕಿನಲ್ಲಿ ನಗುವುದು ಕೇಳಿಸಿತು. ಲಹರಿ ಅದನ್ನು ಹಿಂದಕ್ಕೆ ಎಳೆದಳು, ಮತ್ತೆ ಹಾಕಿದಳು, ಮತ್ತೆ ಎಳೆದಳು.

“ಇವರ್ಯಾರು ಅಮ್ಮ?”

ತಿರುಗಿ ನೋಡಿದೆ. ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ ಕಣೋ. ನಿನ್ನನ್ನು ನೋಡುತ್ತಿದ್ದಳು.

ನೀನೂ ನೋಡು, ನಿನ್ನ ಹತ್ತಿರವೂ ಆ ವಿಡಿಯೋ ಇದೆಯಲ್ಲ. ತಟ್ಟೆ ವಾಲಿದ ಮೇಲೆ ನೀನು ನನ್ನ ಕಡೆಗೆ ಬರುತ್ತೀಯ. ಎರಡು ಕಾಲನ್ನೂ ಅಗಲಿಸಿಕೊಂಡು, ದೋಣಿಯಲ್ಲಿ ನಡೆಯುವವನ ಹಾಗೆ. ತಿರುಗುವಾಗ ಒಂದೇ ಸಲ ತಿರುಗುವುದಿಲ್ಲ, ಪುಟ್ಟ ಪುಟ್ಟ ಹೆಜ್ಜೆ ಹಾಕಿ ತಿರುಗುತ್ತೀಯ. ಮೈಕಿಗೆ ಕೈ ಚಾಚಿದರೆ ಮೈಕು ಸಿಗುವುದಿಲ್ಲ, ಎರಡನೆಯ ಸಲಕ್ಕೆ ಸಿಗುತ್ತದೆ. ‘ನಮ್ಮಕ್ಕ ಒಂಚೂರು ಹಾಕ್ತಾರೆ’ ಅನ್ನುವಾಗ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದೀಯ. ಹಿಡಿದುಕೊಂಡೂ ವಾಲುತ್ತಿದ್ದೀಯ.

“ವಿಡಿಯೋ ನೋಡಿ ಏನೂ ಹೇಳಕ್ಕಾಗಲ್ಲ. ಆದ್ರೆ ಅವರನ್ನ ಒಂದ್ಸಲ ಇಲ್ಲಿಗೆ ಬರಕ್ಕೆ ಹೇಳಿ. ಬರೋದು, ಪರೀಕ್ಷೆ ಮಾಡಿಸ್ಕೊಳ್ಳೋದು ಅವರಿಷ್ಟ. ನಿಧಾನವಾಗಿ ಹೇಳಿ ಅಮ್ಮ, ಹೆದರಿಸ್ಬೇಡಿ” ಅಂದಳು ಲಹರಿ.

ನಿಧಾನವಾಗಿಯೇ ಹೇಳುತ್ತಿದ್ದೇನೆ, ನೋಡು. ಎಷ್ಟು ನಿಧಾನವಾಗಿ ಹೇಳುತ್ತಿದ್ದೇನೆ.

ಸುಳ್ಳು ಬರೆಯಲಾರೆ. ಆ ಕ್ಷಣ ನನಗೆ ಖುಷಿಯಾಯಿತು. ಹೊಟ್ಟೆಯೊಳಗೆ ತಣ್ಣಗೆ ಮಜ್ಜಿಗೆ ಇಳಿದಂತಾಯಿತು. ವಾಪಸು ಬರುವಾಗ ದಸರಾ ಆನೆಗಳ ತಾಲೀಮಿಗೆ ರಸ್ತೆ ತಡೆದಿದ್ದರು, ಆಟೋ ನಿಂತೇ ಇತ್ತು, ನಾನು ಒಳಗೆ ಕೂತು ನಗುತ್ತಿದ್ದೆ. ನಿಮ್ಮ ಭಾವ ಗಾಬರಿಯಾಗಿ ಏನಾಯಿತೇ ಎಂದು ಕೇಳಿದರು. ನನ್ನ ಮಾನವನ್ನು ಹರಾಜು ಹಾಕಿದವನು ಅದೇ ವೇದಿಕೆಯ ಮೇಲೆ, ಅದೇ ಕ್ಯಾಮೆರಾದ ಮುಂದೆ ತಾನೇ ಸಾಕ್ಷಿ ಹೇಳಿದ್ದಾನೆ, ಇನ್ನೇನಾಗಬೇಕು ಅಂದೆ. “ಬುಡೇ, ಒಡಹುಟ್ಟಿದ ತಮ್ಮ ಅಲ್ವಾ” ಅಂದರು. ಮೈಕು ಹಿಡಿದಾಗ ತಮ್ಮನಾಗಿದ್ದನಾ ಎಂದು ಕೇಳಿದೆ. ಅವರು ಆಟೋದಿಂದ ಹೊರಗೆ ಕತ್ತು ಹಾಕಿ ಆನೆಗಳನ್ನು ನೋಡತೊಡಗಿದರು.

ಕಳೆದ ಯುಗಾದಿಗೆ ನಮ್ಮ ಮನೆಯಲ್ಲಿ ನೀನು ಕಾಫಿಯನ್ನು ಪಂಚೆಯ ಮೇಲೆ ಚೆಲ್ಲಿಕೊಂಡು ಲೋಟ ಸುಡುತ್ತೆ ಅಂದೆ. ಅದು ಆರಿತ್ತು ಕಣೋ. ಸ್ಕೂಟರಿನಿಂದ ಬಿದ್ದು ರಸ್ತೆಯ ಗುಂಡಿಗೆ ಬೈದೆ. ಅಲ್ಲಿ ಗುಂಡಿ ಇರಲಿಲ್ಲ, ನಿಮ್ಮ ಭಾವ ಹೋಗಿ ನೋಡಿ ಬಂದರು. ಎಲ್ಲವನ್ನೂ ಈಗ ಒಂದೊಂದಾಗಿ ಜೋಡಿಸಿ ನೋಡುತ್ತ ಕೂರು. ನಿನಗೆ ಬಂದಿಲ್ಲದೆಯೂ ಇರಬಹುದು. ರೋಗವಿಲ್ಲದ ಅರ್ಧ ನಿನ್ನ ಪಾಲಿಗೆ ಬಿದ್ದಿರಬಹುದು. ಆದರೆ ಇವತ್ತಿನಿಂದ ನಿನ್ನ ಕಾಲ ಕೆಳಗೆ ಗೆರೆ ಅಲ್ಲಾಡಲಿ, ಅಪ್ಪನಿಗೆ ಅಲ್ಲಾಡಿದ ಹಾಗೆ, ಎಂದು ನಾನು ಮನಸಾರೆ ಬೇಡಿಕೊಂಡದ್ದುಂಟು.

ನಾಳಿದ್ದು ಬಿಟ್ಟು ಮುಂದಿನ ಭಾನುವಾರ ಮಹಾಲಯ ಅಮಾವಾಸ್ಯೆ. ನಿನ್ನ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೀಯ. ಮುದ್ದೆ, ಮಾಂಸದ ಸಾರು, ವಡೆ, ಹೊಸ ಪಂಚೆ. ಅಪ್ಪನ ಫೋಟೋದ ಮುಂದೆ ಮಾತ್ರ ಒಂದು ಬ್ರಾಂದಿ ಬಾಟಲಿ, “ಅಪ್ಪಂಗೆ ಇದಿಲ್ದಿದ್ರೆ ಬಾಗ್ಲು ದಾಟಿ ಒಳಕ್ಕೇ ಬರಲ್ಲ” ಎಂದು ನಗುತ್ತ. ಸತ್ತವರಿಗೆ ಇಷ್ಟವಾದದ್ದನ್ನು ಇಡುವುದು ನಮ್ಮ ಪದ್ಧತಿ, ಸರಿ. ಮುಟ್ಟದವನ ಮುಂದೆ ಇಟ್ಟೆಯಲ್ಲೋ! ಅಮ್ಮ ಬದುಕಿರುವ ತನಕ ಪ್ರತಿ ವರ್ಷ ಆ ಬಾಟಲಿಯನ್ನು ಬಾಳೆಕಂದಿನ ಹಿಂದಕ್ಕೆ ಸರಿಸಿ, ಆ ಜಾಗದಲ್ಲಿ ಒಂದು ಲೋಟ ಬೆಲ್ಲದ ಕಾಫಿ ಇಡುತ್ತಿದ್ದಳು. ನೀನು ಮತ್ತೆ ಮುಂದಕ್ಕೆ ತರುತ್ತಿದ್ದೆ. ಪೂಜೆ ಮುಗಿದ ಮೇಲೆ ಎಡೆಯ ಪ್ರಸಾದ ಎಂದು ಅದನ್ನು ಕುಡಿದವನು ಯಾರು? ನೀನು. ಅಪ್ಪನ ಹೆಸರಿನಲ್ಲಿ ಆ ಮನೆಯಲ್ಲಿ ಕುಡಿದವನು ನೀನೊಬ್ಬನೇ.

ಈ ಸಲ ನಾನು ಬರುತ್ತೇನೆ, ವಾಕರ್ ಹಿಡಿದುಕೊಂಡು. ನೆಂಟರೆಲ್ಲ ಇರುತ್ತಾರೆ, ಹೊಸ ಬೀಗರನ್ನೂ ಕರೆದಿದ್ದೀಯ ಎಂದು ಕೇಳಿದೆ. ಒಳ್ಳೆಯದೇ ಆಯಿತು. ಅವರೆಲ್ಲರ ಎದುರಿಗೆ ನೀನು ನಿನ್ನ ಕೈಯಾರೆ ಆ ಬಾಟಲಿ ತೆಗೆದು ಬೀದಿಯ ಚರಂಡಿಗೆ ಸುರಿಯಬೇಕು. ಬೆಲ್ಲದ ಕಾಫಿ ಮಾಡಿ ಇಡಬೇಕು. ಆಮೇಲೆ, ನಮ್ಮಪ್ಪ ಕುಡುಕನಲ್ಲ, ನಮ್ಮಕ್ಕ ಕುಡುಕಿಯಲ್ಲ, ನಮ್ಮ ವಂಶದಲ್ಲಿ ಹೀಗೊಂದು ಕಾಯಿಲೆ ಇದೆ, ನನಗೂ ಇರಬಹುದು ಎಂದು ಗಟ್ಟಿಯಾಗಿ ಹೇಳಬೇಕು. ನಗುತ್ತ ಹೇಳಬಾರದು.

ಬೀಗರಿಗೆ ನಾನೇ ಫೋನ್ ಮಾಡಿ ಹೇಳಿಬಿಡಬಹುದಿತ್ತು. ನಂಬರೂ ಇದೆ. ಒಂದು ಸಲ ಒತ್ತಿಯೂ ಬಿಟ್ಟಿದ್ದೆ, ಗಂಟೆ ಬಡಿಯುವ ಮುಂಚೆ ಕತ್ತರಿಸಿದೆ. ನಾನು ಹೇಳಿದರೆ ಕುಡಿದು ಹೇಳುತ್ತಿದ್ದಾಳೆ ಅನ್ನುತ್ತೀಯ. ಅದಕ್ಕೆ ಆ ಕೆಲಸವನ್ನು ನಿನಗೇ ಬಿಟ್ಟಿದ್ದೇನೆ. ಯಾವ ಬಾಯಿಂದ ಅಂದೆಯೋ ಅದೇ ಬಾಯಿಂದ, ಅದೇ ಜನರ ಮುಂದೆ. ಇದೇ ನನ್ನ ಸೇಡು, ಇದಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ.

ಆದರೆ ಅದಕ್ಕೂ ಮುಂಚೆ ಧರಣಿಗೆ ಹೇಳು. ನಿನಗಿದ್ದರೆ ಅವಳಿಗೂ ಅರ್ಧಕ್ಕರ್ಧ. ತಂದೆಯಿಂದ ಬಂದರೆ ಮಕ್ಕಳಿಗೆ ಇನ್ನೂ ಚಿಕ್ಕ ವಯಸ್ಸಿಗೇ ಕಾಣಿಸಿಕೊಳ್ಳಬಹುದಂತೆ. ಕಾರ್ತಿಕದಲ್ಲಿ ಮದುವೆ ಇಟ್ಟುಕೊಂಡಿದ್ದೀಯ, ತಿಳಿದು ಮದುವೆಯಾಗುವುದು ಅವಳ ಹಕ್ಕು. ಮಗಳ ಮುಖ ನೋಡಿ ಆ ಮಾತನ್ನು ಹೇಳುವಾಗ ನಿನಗೆ ಏನಾಗುತ್ತದೋ, ಅದನ್ನು ನೋಡಲು ನಾನಿರುವುದಿಲ್ಲವಲ್ಲ ಎಂಬುದೊಂದೇ ನನ್ನ ಹೊಟ್ಟೆಯುರಿ. ಥೂ, ಎಂಥ ಹೆಂಗಸು ಇವಳು ಎನ್ನಿಸುತ್ತದೆಯೇ? ಅನ್ನಿಸಲಿ.

ಕಾಗದ ಮಡಚಿಟ್ಟ ಮೇಲೆ ಮನೆಯ ಬಾಗಿಲು ಹಾಕಿಕೋ. ನಡುಮನೆಯ ಕೆಂಪು ನೆಲದ ಮೇಲೆ ಒಂದು ಗೆರೆ ಎಳೆ. ನಡೆದು ನೋಡು. ಜಗಲಿಯ ಮೇಲೆ ಯಾರೂ ಕೂತಿರುವುದಿಲ್ಲ, ಶಿಳ್ಳೆ ಹೊಡೆಯುವವರಿರುವುದಿಲ್ಲ. ಅಪ್ಪನಿಗೆ ನೀನು ಕೊಡದಿದ್ದ ಮರ್ಯಾದೆಯನ್ನು ನಾನು ನಿನಗೆ ಕೊಟ್ಟಿದ್ದೇನೆ, ಅಷ್ಟು ನೆನಪಿರಲಿ.

ನೀನು ನೂರು ವರ್ಷ ಬಾಳಬೇಕು. ಪ್ರತಿ ವರ್ಷ ಅಪ್ಪನ ಎಡೆಯ ಮುಂದೆ ನಿಲ್ಲಬೇಕು, ನೆಟ್ಟಗೆ ನಿಲ್ಲಲು ಆಗದಿದ್ದರೆ ಕೂತಾದರೂ. ಸೋಮವಾರ ಕ್ಲಿನಿಕ್ಕಿಗೆ ಬರುವುದಾದರೆ ಬೇಗ ಬಾ, ವೆರಾಂಡದಲ್ಲಿ ನನ್ನ ಪಕ್ಕ ಒಂದು ಕುರ್ಚಿ ಹಿಡಿದಿಟ್ಟಿರುತ್ತೇನೆ.

ಇಂತಿ ನಿನ್ನ ಒಡಹುಟ್ಟಿದ ಅಕ್ಕ,
ಮಾಲಾ

ಮತ್ತೆ: ಇಷ್ಟೆಲ್ಲ ಬರೆದೆ, ಬರೆಯಬೇಕಾದದ್ದನ್ನು ಬರೆಯಲೇ ಇಲ್ಲ. ನೀನು ಮೈಕಿನಲ್ಲಿ ಅಂದದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಚಿಕ್ಕಂದಿನಿಂದ ನಿನ್ನ ಬಾಯಿಯೇ ಅಂಥದ್ದು. ಆಟೋ ಹತ್ತುವಾಗ ಧರಣಿ ಓಡಿಬಂದಳು. ಮೈತುಂಬ ರೇಷ್ಮೆ, ಮುಡಿತುಂಬ ಮಲ್ಲಿಗೆ. ನಿನ್ನ ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದಾಗ ನನ್ನ ಸೊಂಟದ ಮೇಲೆ ಬೆಳೆದ ಮಗು, ನಾನು ಹೆರದಿದ್ದರೂ ನನ್ನದೇ ಆದ ಮಗು. “ಅತ್ತೆ” ಎಂದು ಬಿಗಿಯಾಗಿ ಅಪ್ಪಿಕೊಂಡಳು. ಪ್ರಪಂಚದಲ್ಲಿ ಇವಳೊಬ್ಬಳಾದರೂ ನನ್ನ ಕಡೆಗಿದ್ದಾಳಲ್ಲ ಎಂದು ನನಗೆ ಅಳು ಬಂತು. ಆಮೇಲೆ ತಿಳಿಯಿತು, ಅವಳ ಮೂಗು ನನ್ನ ಬಾಯಿಯ ಹತ್ತಿರ ಬಂದು ನಿಂತಿತ್ತು. ಉಸಿರೆಳೆದುಕೊಂಡಳು. ಮೆಲ್ಲಗೆ, ಯಾರಿಗೂ ಕೇಳದ ಹಾಗೆ, “ಏಲಕ್ಕಿ ತಿಂದಿದ್ದೀರಾ ಅತ್ತೆ?” ಅಂದಳು.

ನೀನೇ ಲೋಟದಲ್ಲಿ ತಂದುಕೊಟ್ಟ ಪಾಯಸ ಕಣೋ ಅದು.